ಕರೆಮ್ಮನ ಮಗನ ತಾಮ್ರದ ಮೂಗುತಿ

ಕರೆಮ್ಮ ಸಾವಿಗೆ ಮೋಸ ಮಾಡಿದವಳು. ಊರವರು ಹೊರಿಸಿದ ಮಾತಲ್ಲ ಇದು, ಅವಳೇ ಎದೆಯ ಮೇಲೆ ಕೈಯಿಟ್ಟು ನಂಬಿದ್ದ ಮಾತು. ಮೋಸ ಹೋದವರು ಸುಮ್ಮನೆ ಕೂರುವುದಿಲ್ಲ, ಒಂದಲ್ಲ ಒಂದು ದಿನ ಮನೆ ಹುಡುಕಿಕೊಂಡು ಬರುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಹಾಗಾಗಿ ಮಗ ಖಂಡಪ್ಪ ಹುಟ್ಟಿದ ಮೇಲೆ ಆಕೆ ಕಣ್ತುಂಬ ನಿದ್ದೆ ಮಾಡಿದ್ದೇ ಇಲ್ಲ. ಮಗ ಕೆಮ್ಮಿದರೆ ಎದ್ದು ಕೂರುವಳು, ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂದು ಎದ್ದು ಕೂರುವಳು.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆದರೆ, ಕಾಲುವೆಯ ಈಚೆ ದಡಕ್ಕೆ ಅವಳ ಊರು. ಗಂಡ ದ್ಯಾವಪ್ಪ ಕುರಿ ಸಾಕುವವನು. ಕಾಲುವೆ ಬಂದ ಮೇಲೆ ಸುತ್ತೆಲ್ಲ ನೆಲ್ಲಿನ ಗದ್ದೆಗಳಾದವು. ಕೊಯ್ಲು ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ, ಗದ್ದೆಯಿಂದ ಗದ್ದೆಗೆ ಹಿಂಡು ಹೊಡೆದುಕೊಂಡು ಹೋದನೆಂದರೆ ಆತ ತಿಂಗಳುಗಟ್ಟಲೆ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಮರಿಲಿಂಗಮ್ಮ, ಕರೆಮ್ಮ, ಒಬ್ಬನೇ ಮಗ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ಮುನ್ನಿಬೀಯದು. ಕರೆಮ್ಮ ನೆಲ್ಲು ಹಚ್ಚುವ, ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದಳು.

ಖಂಡಪ್ಪನಿಗಿಂತ ಮೊದಲು ಅವಳು ನಾಲ್ಕು ಹೆತ್ತಿದ್ದಳು. ನಾಲ್ಕೂ ಹೆಸರಿಡುವ ಮೊದಲೇ ಹೋದವು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ದವಡೆ ಬಿಗಿದು, ಮೈ ಸೆಟೆದು, ಹೋಗಿಬಿಡುತ್ತಿತ್ತು. ದ್ಯಾವಪ್ಪ ಅವನ್ನು ಹಳೆಯ ಕಂಬಳಿ ಚೂರಿನಲ್ಲಿ ಸುತ್ತಿ ಊರಾಚೆಯ ಜಾಲಿಗಿಡಗಳ ನಡುವೆ ಹೂತು ಬರುತ್ತಿದ್ದ. ಆಗಿನ್ನೂ ಕಾಲುವೆ ಇರಲಿಲ್ಲ. ಮುಂದೆ ಸರ್ಕಾರದವರು ಬಂದು ಕಲ್ಲು ನೆಟ್ಟು, ಯಂತ್ರ ತಂದು, ಆ ಜಾಲಿಗಿಡಗಳನ್ನೆಲ್ಲ ಬುಡಸಮೇತ ಕಿತ್ತು ಕಾಲುವೆ ತೋಡಿದರು. ಈಗ ಅಲ್ಲಿ ನೀರು ಹರಿಯುತ್ತದೆ. ಊರಿಗೆಲ್ಲ ಅನ್ನ ಕೊಟ್ಟ ಆ ನೀರನ್ನು ಕರೆಮ್ಮ ಒಂದು ದಿನವೂ ಬೊಗಸೆಯಲ್ಲಿ ಹಿಡಿದು ಕುಡಿದವಳಲ್ಲ.

ಐದನೆಯವನು ಹುಟ್ಟಿದಾಗ ಮರಿಲಿಂಗಮ್ಮ ಸೊಸೆಯ ಕೈಗೆ ಕೂಸು ಕೊಡಲೇ ಇಲ್ಲ. "ಚಂದ ಮಾಡಿ ಜೋಪಾನ ಮಾಡಿದ್ದಕ್ಕೇ ಆ ನಾಕು ಹ್ವಾದವು. ಇದನ್ನ ಹೊಲಸು ಮಾಡಿ ಸಾಕೂನು" ಎಂದಳು. ಕೂಸನ್ನು ಒಯ್ದು ತಿಪ್ಪೆಯ ಮೇಲೆ ಹೊರಳಾಡಿಸಿ, ಹರಿದ ಮೊರದಲ್ಲಿ ಹಾಕಿ ಅಲ್ಲೇ ಬಿಟ್ಟಳು. ಮೊದಲೇ ಮಾತಾಡಿಕೊಂಡಂತೆ ಮುನ್ನಿಬೀ ಏನೂ ಅರಿಯದವಳ ಹಾಗೆ ಆ ದಾರಿಯಲ್ಲಿ ಬಂದು, "ಯಾರದವ್ವ ಈ ಕೂಸು, ತಿಪ್ಪಿಮ್ಯಾಲ ಬಿದ್ದದ?" ಎಂದು ಕೇಳಿದಳು. "ನಮ್ಮದಲ್ಲ. ಬೇಕಾದ್ರ ಒಯ್ಯಿ" ಎಂದಳು ಮರಿಲಿಂಗಮ್ಮ. ಮುನ್ನಿಬೀ ಒಂದು ಹಿಡಿ ನುಚ್ಚು ಕೊಟ್ಟು ಕೂಸನ್ನು ಕೊಂಡುಕೊಂಡಳು. ತನ್ನ ಮನೆಗೆ ಒಯ್ದು ಸೂಜಿ ಕಾಸಿ, ಬಲಮೂಗು ಚುಚ್ಚಿ, ತಾಮ್ರದ ತಂತಿ ಬಾಗಿಸಿದ, ಉಂಗುರದಂಥ ಮೂಗುತಿ ಹಾಕಿದಳು. ಗಂಡೋ ಹೆಣ್ಣೋ, ನಮ್ಮದೋ ಅವರದೋ, ಇಟ್ಟುಕೊಳ್ಳುವಂಥದೋ ಬಿಸಾಕುವಂಥದೋ, ಸಾವಿಗೆ ತಿಳಿಯಬಾರದು. ಹಾಲು ಕುಡಿಸಲಿಕ್ಕೆಂದು ಕೂಸು ಮತ್ತೆ ಕರೆಮ್ಮನ ಮಡಿಲಿಗೆ ಬಂತು, ಒಂದು ಕಟ್ಟಳೆಯ ಮೇಲೆ. ಮದುವೆಗೆ ಅರಿಶಿಣ ಹಚ್ಚುವ ದಿನದವರೆಗೆ ಆ ಮೂಗು ಬರಿದಾಗಬಾರದು.

ಕೂಸು ಬದುಕಿತು. ಅದೇ ವರ್ಷ ಊರಿಗೆ ನರ್ಸಮ್ಮ ಬರತೊಡಗಿದ್ದಳು. ಬಸುರಿ ಕರೆಮ್ಮನನ್ನು ಗದರಿಸಿ ಕೂರಿಸಿ ತೋಳಿಗೆ ಸೂಜಿ ಹಾಕಿದ್ದಳು. ಆ ಸೂಜಿಯನ್ನು ಯಾರು ನೆನೆಯಬೇಕು? ಮೂಗಿಗೆ ಚುಚ್ಚಿದ ಸೂಜಿಯೇ ಎಲ್ಲರ ಬಾಯಲ್ಲಿ. ಮಗ ಬೆಳೆದಂತೆ ಮೂಗುತಿ ಬಿಗಿಯಾದರೆ ಪತ್ತಾರ ಮನೆಗೇ ಬಂದು, ಹೊಸ ತಂತಿ ತೂರಿಸಿದ ಮೇಲೆಯೇ ಹಳೆಯದನ್ನು ಕತ್ತರಿಸುತ್ತಿದ್ದ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಮೂಗು ಬರಿದಾಗದಂತೆ ಕರೆಮ್ಮ ಎದುರಿಗೆ ಕೂತು ಕಾಯುತ್ತಿದ್ದಳು.

ಊರ ಶಾಲೆಯಲ್ಲಿ ಇದು ಯಾರಿಗೂ ವಿಶೇಷವಾಗಿರಲಿಲ್ಲ. ಅಲ್ಲಿ ಕಿವಿ ಹರಿಸಿಕೊಂಡವರಿದ್ದರು, ಜಡೆ ಬಿಟ್ಟ ಗಂಡುಹುಡುಗರಿದ್ದರು. ಪ್ರತಿ ಮನೆಗೂ ಒಂದು ಹರಕೆ, ಒಂದು ಭಯ. ತೊಂದರೆ ಸುರುವಾದದ್ದು ಹುಡುಗ ಹೈಸ್ಕೂಲಿಗೆಂದು ಕಾಲುವೆ ದಾಟಿ ಆಚೆಯ ದೊಡ್ಡೂರಿಗೆ ಹೋಗತೊಡಗಿದ ಮೇಲೆ. ಅಲ್ಲಿ ಹತ್ತಿ ವ್ಯಾಪಾರದ ಅಡತಿ ಅಂಗಡಿಯವರ ಮಕ್ಕಳು, ಗಿರಣಿಯವರ ಮಕ್ಕಳು, ಇಸ್ತ್ರಿ ಅಂಗಿಯವರು. ಮೊದಲ ದಿನವೇ ಯಾರೋ "ಅಕ್ಕಾರ, ನಿಮ್ಮ ಬೆಂಚು ಆ ಕಡೆ" ಎಂದು ಹುಡುಗಿಯರ ಸಾಲು ತೋರಿಸಿದರು. ತರಗತಿಯೆಲ್ಲ ನಕ್ಕಿತು. ಪಾಠ ಹೇಳುತ್ತಿದ್ದ ದೇವಿಂದ್ರಪ್ಪ ಮಾಸ್ತರರೂ ಮೀಸೆಯ ಅಡಿಯಲ್ಲಿ ನಕ್ಕರು. ಮಾಸ್ತರರು ನಕ್ಕರೆಂದ ಮೇಲೆ ಅದಕ್ಕೆ ಪರವಾನಗಿ ಸಿಕ್ಕ ಹಾಗೆಯೇ ಅಲ್ಲವೆ?

ಇದೆಲ್ಲ ಕರೆಮ್ಮನಿಗೆ ಗೊತ್ತಾದದ್ದು ಬಹಳ ಆಮೇಲೆ. ಅವಳು ಕಂಡದ್ದು ಮನೆಗೆ ಬರುವ ಮಗನನ್ನು ಮಾತ್ರ. ಓಣಿಯ ಬಾಯಿಂದಲೇ ಮಾತು ಸುರುಮಾಡಿಕೊಂಡು ಬರುತ್ತಿದ್ದವನು ಈಗ ಗೋಡೆಯ ನೆರಳು ಹಿಡಿದು ಬರುತ್ತಿದ್ದ. ಕಟ್ಟಿಕೊಟ್ಟ ರೊಟ್ಟಿ ದಾರಿಯ ನಾಯಿಗೆ ಹೋಗುತ್ತಿತ್ತು. ಒಂಬತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಎದೆಯ ಎಲುಬು ಎಣಿಸುವ ಹಾಗಾಗಿತ್ತು. ಕೇಳಿದರೆ "ಏನಿಲ್ಲವ್ವ" ಎನ್ನುವನು. ಆಮೇಲೆ ಅಷ್ಟೂ ಇಲ್ಲ.

ಒಂದು ಸಂಜೆ ಮುನ್ನಿಬೀಯ ಮೊಮ್ಮಗಳು ರಾಬಿಯಾ ಒಂದು ಟಗರುಮರಿ ಅಪ್ಪಿಕೊಂಡು ಬಂದಳು. ಖಂಡಪ್ಪ ತಾನೇ ಹಾಲು ಹಾಕಿ ಬೆಳೆಸಿದ, ಯಾರಿಗೂ ಮುಟ್ಟಗೊಡದ ಮರಿ ಅದು. "ಅಣ್ಣ ಇದನ್ನ ನನಗೇ ಇಟ್ಕೋ ಅಂದಾನ" ಎಂದಳು ಹುಡುಗಿ ಕುಣಿಯುತ್ತ. ಅದೇ ವಾರ, ರೊಟ್ಟಿ ಬಡಿಯುವಾಗ ಮಗ ಬಂದು ಒಲೆಯ ಮುಂದೆ ಕೂತ.

"ಅವ್ವಾ, ಆ ನಾಕು ಮಂದೀನ ಎಲ್ಲಿ ಹುಗದೀರಿ?"

ಕರೆಮ್ಮನ ಕೈ ಹಿಟ್ಟಿನ ಮೇಲೆಯೇ ನಿಂತಿತು. "ಅದನ್ಯಾಕ ಕೇಳ್ತಿ?"

"ಕಾಲುವಿ ಇರೋದು ಅಲ್ಲೇ ಅಲ್ಲ? ಹಂಗಾರ ಅವರು ಈಗ ನೀರಾಗ ಅದಾರ."

ಅಷ್ಟು ಹೇಳಿ ಎದ್ದುಹೋದ. ಬಂತು, ಎಂದುಕೊಂಡಳು ಕರೆಮ್ಮ. ಇಷ್ಟು ವರ್ಷ ಹುಡುಕಿ ಕೊನೆಗೂ ಮನೆ ಪತ್ತೆ ಮಾಡಿತು. ನನ್ನ ಮಗನ ಕಿವಿಯಲ್ಲಿ ಕೂತು ಮಾತಾಡಿಸುತ್ತಿದೆ.

ಅವಳು ಸುಮ್ಮನೆ ಕೂರುವ ಹೆಂಗಸಲ್ಲ. ಮಂತ್ರಿಸಿದ ಕರಿದಾರ ತಂದು ಎರಡೂ ರಟ್ಟೆಗೆ ಕಟ್ಟಿದಳು. ಕೊರಳಿಗೆ ಬೆರಳುದ್ದದ ತಾಯತ, ಕೈಗೆ ಕಬ್ಬಿಣದ ಕಡಗ. ಅದೂ ಸಾಲದೆಂದು ದಿನಾ ಬೆಳಿಗ್ಗೆ ಗಲ್ಲಕ್ಕೆ ಕಾಡಿಗೆಯ ಬೊಟ್ಟು, ಎಳೆಕೂಸಿಗೆ ಇಡುವ ಹಾಗೆ, ಹೈಸ್ಕೂಲಿಗೆ ಹೋಗುವ ಮಗನಿಗೆ. ಮೊದಲ ದಿನ ಅವನು "ಕಾಡಿಗಿ ಬ್ಯಾಡವ್ವ" ಎಂದು ಮುಖ ತಿರುಗಿಸಿದ. ಅವಳು ಬೈದಳು, ಅತ್ತಳು, ಸತ್ತ ನಾಲ್ವರ ಆಣೆ ಹಾಕಿದಳು. ಮಾರನೆಯ ದಿನದಿಂದ ಅವನೇ ಮುಖ ಮುಂದೆ ಮಾಡಿ, ಕಣ್ಣು ಮುಚ್ಚಿ ನಿಲ್ಲತೊಡಗಿದ. ಮಗ ಹೇಳಿದ ಮಾತು ಕೇಳುತ್ತಿದ್ದಾನೆ ಎಂದು ಅವಳಿಗೆ ಸಮಾಧಾನ. ಪಾಪ, ಆ ಬೊಟ್ಟು ಇಟ್ಟು ತಾನು ಅವನನ್ನು ಯಾರ ಕೈಗೆ ಕಳಿಸುತ್ತಿದ್ದೇನೆ ಎಂಬ ಅರಿವು ಅವಳಿಗಿರಲಿಲ್ಲ.

ಅರಿವಿದ್ದದ್ದು ಮುನ್ನಿಬೀಗೆ. ಸಂತೆಗೆ ಹೋಗುವಾಗ ಆಕೆ ಹೈಸ್ಕೂಲಿನ ಹುಡುಗರ ಬಾಯಲ್ಲಿ ಏನೇನೋ ಕೇಳಿದ್ದಳು. ಒಂದು ದಿನ ಕಟ್ಟೆಯ ಮೇಲೆ ಕೂತು ನೇರವಾಗಿಯೇ ಅಂದಳು.

"ಕರೆವ್ವ, ಆ ಮೂಗುತಿ ತೆಗದ್ಬಿಡ್ತೀನಿ. ನನ್ನ ಕೈಲೇ ಹಾಕಿದ್ದು, ನನ್ನ ಕೈಲೇ ತೆಗದ್ರ ತಪ್ಪಿಲ್ಲ."

"ಬಾಯಿ ಮುಚ್ಚಕ್ಕ! ಲಗ್ನದ ತನಕ ಅಂತ ಮಾತಾಗ್ಯದ."

"ನಾ ಚುಚ್ಚಿದ್ದು ಕೂಸಿನ ಮೂಗು. ಈಗ ಅವಗ ಮೀಸಿ ಚಿಗರಾಕತ್ಯಾವ. ಹುಡುಗ್ರು ನಗ್ತಾರಂತ, ಹೈರಾಣ ಮಾಡ್ತಾರಂತ."

"ನಕ್ರ ಯಾರೂ ಸಾಯಂಗಿಲ್ಲ ಅಕ್ಕ. ಮೂಗು ಬರಿದಾದ್ರ ಸಾಯ್ತಾನ."

ಮುನ್ನಿಬೀ ಎದ್ದು ಸೆರಗು ಕೊಡವಿದಳು. "ನಗೂದರಿಂದ ಸಾಯಂಗಿಲ್ಲಂತ ನಿನಗ ಯಾರ ಹೇಳಿದ್ರು?" ಎಂದು ಹೋದಳು. ಆಮೇಲೆ ಬಹಳ ದಿನ ಇಬ್ಬರಿಗೂ ಮಾತಿರಲಿಲ್ಲ.

ಆದರೂ ಆ ಮಾತು ಅವಳನ್ನು ಬಿಡಲಿಲ್ಲ. ಶಹಾಪುರದ ಬಸ್ಸಿಗೆ ಕಾಯುತ್ತಿದ್ದಾಗ ದೇವಿಂದ್ರಪ್ಪ ಮಾಸ್ತರರು ಸಿಕ್ಕರು. ಕರೆಮ್ಮ ಸೆರಗು ಹೊದ್ದು ಎದುರಿಗೆ ನಿಂತಳು.

"ನನ್ನ ಮಗ ಹ್ಯಾಂಗದಾನ್ರಿ, ಮಾಸ್ತರ?"

"ಖಂಡಪ್ಪನ? ಬಾಳ ಗರೀಬ ಹುಡುಗ ಬಿಡವ್ವ. ಒಂದು ತಂಟಿ ಇಲ್ಲ, ತಕರಾರಿಲ್ಲ. ಹೇಳಿದಂಗ ಕೇಳ್ತಾನ."

ಇನ್ನೇನು ಬೇಕು! ಮಾಸ್ತರರ ಬಾಯಿಂದ ಅಷ್ಟು ಒಳ್ಳೆಯ ಮಾತು ಕೇಳಿ ಅವಳು ಹಗುರಾಗಿ ಬಸ್ಸು ಹತ್ತಿದಳು. ತಕರಾರೇ ಇಲ್ಲದ ಹದಿಹರೆಯದ ಹುಡುಗನನ್ನು ಕಂಡು ಹೆದರಬೇಕಾದವರು ಹೊಗಳಿ ಕಳಿಸಿದರೆ, ತಾಯಿಯಾದವಳು ಯಾರನ್ನು ಕೇಳಬೇಕು?

ಮುಂಗಾರಿಗೆ ಕಾಲುವೆಗೆ ನೀರು ಬಿಟ್ಟರು. ನೆಲ್ಲು ಹಚ್ಚುವ ಕೆಲಸ ಜೋರಾಯಿತು. ಆ ದಿನ ಕರೆಮ್ಮನ ಗುಂಪಿಗೆ ಕೆಲಸ ಸಿಕ್ಕಿದ್ದು ದೊಡ್ಡೂರಿನ ಹೈಸ್ಕೂಲಿಗೆ ಹತ್ತಿದ ಗದ್ದೆಯಲ್ಲಿ. ಮಧ್ಯಾಹ್ನ ಶಾಲೆಯ ಗಂಟೆ ಬಾರಿಸಿತು. ಮಗನಿಗೆ ಬಿಸಿಲು ಹೊತ್ತಿನಲ್ಲಿ ಒಂದು ತುತ್ತು ತಾನೇ ಉಣಿಸೋಣ ಎಂದು ಅವಳು ಕೆಸರುಗಾಲಿನಲ್ಲೇ ರೊಟ್ಟಿಯ ಗಂಟು ಹಿಡಿದು ಕಂಪೌಂಡಿನ ಹಿಂದಿನ ಕಡೆಯಿಂದ ಹೋದಳು. ಅಲ್ಲಿ ಗೋಡೆ ಒಡೆದು ದಾರಿಯಾಗಿತ್ತು.

ಹುಡುಗರು ಗುಂಪುಗೂಡಿ ಚಪ್ಪಾಳೆ ತಟ್ಟುತ್ತಿದ್ದರು. ನಡುವೆ ಅಡತಿ ಅಂಗಡಿ ಭಗವಂತರಾಯನ ಮಗ ರಾಚೋಟಿ. ಅವನ ಕೈಯಲ್ಲಿ ಹತ್ತಿ ತುಂಬಿದ ಅಂಡಿಗೆಚೀಲ ಹೊಲಿಯುವ ಸೆಣಬಿನ ಸುತಳಿ. ಸುತಳಿಯ ಇನ್ನೊಂದು ತುದಿ ಖಂಡಪ್ಪನ ಮೂಗುತಿಯೊಳಗೆ.

"ಹೋರಿ ಬಂತು, ದಾರಿ ಬಿಡ್ರೋ!"

ಎಳೆದ ಕಡೆಗೆ ಖಂಡಪ್ಪ ನಡೆಯುತ್ತಿದ್ದ. ಎಡಕ್ಕೆಂದರೆ ಎಡಕ್ಕೆ. ಬಲಕ್ಕೆಂದರೆ ಬಲಕ್ಕೆ. ಯಾರೋ ಹಿಂದಿನಿಂದ ಬಾರುಕೋಲು ಆಡಿಸಿದರು. ಯಾರೂ ಹೇಳುವ ಮೊದಲೇ ಅವನು ಮೊಣಕಾಲೂರಿ ಕೂತ. ಅಳುತ್ತಿರಲಿಲ್ಲ. ಅವನ ಮುಖದಲ್ಲಿ ಏನೂ ಇರಲಿಲ್ಲ. ಸುತಳಿ ಜಾರಿತು. ರಾಚೋಟಿ ಮತ್ತೆ ಪೋಣಿಸಲು ಬಗ್ಗಿದ. ಆಗ ಖಂಡಪ್ಪ ಅವನಿಗೆ ಸುಲಭವಾಗಲೆಂದು ಮುಖ ಮುಂದೆ ಮಾಡಿ, ಕಣ್ಣು ಮುಚ್ಚಿಕೊಂಡ.

ಆ ಮುಖ ಹಿಡಿಯುವ ರೀತಿ ಕರೆಮ್ಮನಿಗೆ ಗೊತ್ತಿತ್ತು. ಆ ಬೆಳಿಗ್ಗೆಯೂ ಕಾಡಿಗೆಯ ಬೆರಳಿನ ಮುಂದೆ ಅವನು ಹೀಗೆಯೇ ನಿಂತಿದ್ದ. ಇದನ್ನು ರಾಚೋಟಿ ಒಬ್ಬನೇ ಕಲಿಸಿದ್ದಲ್ಲ, ನಾನೂ ಕಲಿಸಿದ್ದೇನೆ ಎಂಬುದು ಅವಳಿಗೆ ಆಗ ತಿಳಿಯಿತು. ಬಾಯಿಂದ ಎಂಥದೋ ಕೂಗು ಹೊರಟಿತು. ಹುಡುಗರು ಚೆಲ್ಲಾಪಿಲ್ಲಿ ಓಡಿದರು. ಖಂಡಪ್ಪ ಕಣ್ಣು ತೆರೆದು ತಾಯಿಯನ್ನು ಕಂಡ. ಎದ್ದ. ಮೂಗಿನಲ್ಲಿ ಸುತಳಿ ಜೋತಾಡುತ್ತಿರುವಂತೆಯೇ ಒಡೆದ ಗೋಡೆಯ ದಾರಿಯಿಂದ ಹೊರಬಿದ್ದು ಕಾಲುವೆಯ ಕಡೆಗೆ ನಡೆದ. ಓಡಲಿಲ್ಲ, ನಡೆದ. ಓಡಿದ್ದರೆ ಅವಳಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಗದ್ದೆಯ ಬದುಗಳ ಮೇಲೆ ಬೀಳುತ್ತ ಏಳುತ್ತ ಅವಳು ತಲುಪುವಷ್ಟರಲ್ಲಿ ಅವನು ಬಟ್ಟೆ ಒಗೆಯುವ ಮೆಟ್ಟಿಲಿನ ಕೊನೆಯದರ ಮೇಲೆ ಕೂತಿದ್ದ. ಪಾದಗಳು ನೀರಿನಲ್ಲಿ. ನೀರು ದಂಡೆಗೆ ದಂಡೆ ತುಂಬಿ, ಸದ್ದಿಲ್ಲದೆ, ಕೆಂಪಗೆ ಹೋಗುತ್ತಿತ್ತು. ಕರೆಮ್ಮ ಕೂಗಲಿಲ್ಲ, ಎಳೆಯಲಿಲ್ಲ. ಪಕ್ಕದಲ್ಲಿ ಕೂತು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇಲ್ಲೇ ಅದಾರಲ್ಲವ್ವ ಅವರು?" ಎಂದ ಖಂಡಪ್ಪ. "ಅವರಿಗಿ ಯಾರೂ ಏನೂ ಅನ್ನಂಗಿಲ್ಲ. ಛಲೋ ಅದಾರ."

"ಹಂಗನಬ್ಯಾಡ ಯಪ್ಪ."

"ಇದನ್ನ ತೆಗದ್ರ ಸಾಯ್ತೀನಂತಿ. ಇದ್ರೂ ನಾ ದಿನಾ ಸಾಯಾಕತ್ತೀನಿ. ಎರಡರಾಗ ಒಂದು ಮಾಡವ್ವ. ತೆಗಿ, ಇಲ್ಲಂದ್ರ ಅಂಗಿ ಬಿಡು."

ಕರೆಮ್ಮ ನೀರು ನೋಡಿದಳು, ಮಗನ ಮುಖ ನೋಡಿದಳು. ಇತ್ತ ಒಂದು ಸಾವು, ಅತ್ತ ಒಂದು ಸಾವು. ಆರಿಸಿಕೋ ಎಂದು ಯಾರಾದರೂ ಹೆತ್ತವಳನ್ನು ಕೇಳುತ್ತಾರೆಯೇ? ಹಿಡಿದ ಅಂಗಿ ಬಿಡುವ ಧೈರ್ಯವಿಲ್ಲ, ಒಂದೇ ಕೈಯಲ್ಲಿ ಆ ತಂತಿ ಬಿಚ್ಚಲಾಗುವುದಿಲ್ಲ. ಅವಳು ಮಗನ ತಲೆಯನ್ನು ಎದೆಗೊತ್ತಿಕೊಂಡು, ಬಾಯಿ ಹಾಕಿ, ಪತ್ತಾರ ಹೆಣೆದ ಗಂಟನ್ನು ಹಲ್ಲಿನಿಂದ ಕಚ್ಚಿ ತಿರುವಿದಳು. ನಾಲಗೆಗೆ ತಾಮ್ರ ಹತ್ತಿತು, ರಕ್ತ ಹತ್ತಿತು, ಉಪ್ಪು ಹತ್ತಿತು. ತಂತಿ ಬಿಚ್ಚಿಕೊಂಡು ಮಡಿಲಿಗೆ ಬಿತ್ತು.

ಅವಳು ಕಾದಳು. ಈಗ ಬರುತ್ತದೆ, ಇನ್ನೇನು ಬಂತು. ದಂಡೆಯ ಮೇಲೆ ಒಂದು ಟ್ರ್ಯಾಕ್ಟರ್ ಹೋಯಿತು. ಖಂಡಪ್ಪ ಅವಳ ಎದೆಯಲ್ಲಿ ಮುಖವಿಟ್ಟು ಎರಡು ವರ್ಷದ ಅಳು ಅತ್ತ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳಲು ನಾಲಗೆ ತುರಿಸುತ್ತದೆ. ಹೋಗಲಿಲ್ಲ. ತಂತಿ ತೆಗೆದರೂ ತೂತು ಉಳಿಯಿತು. ಮೂಗಿನಲ್ಲೂ, ಒಳಗೂ.

ಮುನ್ನಿಬೀಯ ಹಳೆಯ ಮುನಿಸು ಆ ಸಂಜೆಯೇ ಕರಗಿತು. ಆಕೆ ಮಾರನೆಯ ದಿನ ಭಗವಂತರಾಯನ ಅಡತಿ ಅಂಗಡಿಯ ಮುಂದೆ, ನಾಲ್ಕೂರಿನ ಬಂಡಿಗಳು ನಿಂತ ಹೊತ್ತಿನಲ್ಲಿ, ಸೊಂಟಕ್ಕೆ ಸೆರಗು ಬಿಗಿದು ನಿಂತಳು. "ನಿಮ್ಮ ಅಂಗಡಿ ಸುತಳಿ ಎಲ್ಲಿ ಹೋಗ್ಯದ ಕೇಳ್ರಿ ಸಾವಕಾರ್ರ! ನಾ ಕೊಂಡ ಮಗನ ಮೂಗಿನಾಗ ಪೋಣಸ್ಯಾನ ನಿಮ್ಮ ಮಗ!" ಎಂದು ಸುರು ಮಾಡಿ, ಗಂಟಲು ಕಟ್ಟುವ ತನಕ ಬಾಯಿ ಮಾಡಿದಳು. ಮಾನಕ್ಕೆ ಅಂಜಿದ ಭಗವಂತರಾಯ ಮಗನ ಕಿವಿ ಹಿಂಡಿದ. ಸುತಳಿ ನಿಂತಿತು. ಪಿಸುಮಾತು ನಿಲ್ಲಲಿಲ್ಲ. ದೇವಿಂದ್ರಪ್ಪ ಮಾಸ್ತರರು ಒಮ್ಮೆ ಮನೆಯ ತನಕ ಬಂದರು. ಕಟ್ಟೆಯ ಮೇಲೆ ಕೂತು, ಚಪ್ಪಲಿ ನೋಡುತ್ತಲೇ, "ಯಾದಗಿರಿಗೆ ಗುಲಬರ್ಗಾದಿಂದ ವಾರಕ್ಕೊಮ್ಮೆ ಮನಸಿನ ಡಾಕ್ಟರ್ ಬರ್ತಾರವ್ವ. ಒಮ್ಮೆ ತೋರಸು. ನಾ ಕೂಡ ಬರ್ತೀನಿ" ಎಂದರು. ಬಂದರು ಕೂಡ. ಡಾಕ್ಟರು ಗುಳಿಗೆ ಕೊಟ್ಟು, ಹುಡುಗನನ್ನು ಒಬ್ಬನೇ ಬಿಡಬೇಡಿ, ಮಾತಾಡಿಸುತ್ತಿರಿ, ತಪ್ಪದೆ ಕರೆದುತನ್ನಿ ಎಂದರು.

ಮಾತಾಡಿಸುವುದು ಹೇಗೆ? ಖಂಡಪ್ಪ ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದ. ಉಣ್ತಿಯೇನೋ? ಹೂಂ. ಸಾಲಿಗಿ ಹೋಗ್ತಿ? ಹೂಂ. ಹೋಗಬ್ಯಾಡಲ್ಲ? ಹೂಂ. ಕರೆಮ್ಮ ಕೂಲಿ ಬಿಟ್ಟು ಅವನ ಜೊತೆ ಕೂತಳು, ಜೊತೆ ನಡೆದಳು, ಶಾಲೆಯ ಎದುರಿನ ಬೇವಿನ ನೆರಳಿನಲ್ಲಿ ಮುನ್ನಿಬೀಯ ಜೊತೆ ಪಾಳಿ ಮೇಲೆ ಕಾದಳು. ಆದರೂ ಆ "ಹೂಂ" ಕೇಳಿದಾಗಲೆಲ್ಲ ಅವಳಿಗೆ ಮೆಟ್ಟಿಲ ಮೇಲೆ ಕೂತ ಬೆನ್ನು ಕಾಣುತ್ತಿತ್ತು. ಯಾರು ಏನು ಕೇಳಿದರೂ ಇವನು ಹೂಂ ಅನ್ನುತ್ತಾನೆ. ನೀರು ಬಾ ಅಂದರೂ ಹೂಂ ಅನ್ನುತ್ತಾನೆ.

ಅತ್ತೆ ಮರಿಲಿಂಗಮ್ಮ ಮಾತ್ರ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಆ ತಂತಿಯನ್ನು ತನ್ನ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡು, ದಿನಾ ಬೆಳಿಗ್ಗೆ ಮೊಮ್ಮಗನ ಬರಿಮೂಗು ನೋಡಿ ನಿಟ್ಟುಸಿರು ಬಿಡುವಳು. ಏನೋ ಬರುವುದಿದೆ, ಅದು ಇನ್ನೂ ದಾರಿಯಲ್ಲಿದೆ ಎಂಬಂತೆ ಬಾಗಿಲ ಕಡೆ ನೋಡುತ್ತ ಕೂರುವಳು. ನಿಜ ಹೇಳಬೇಕೆಂದರೆ, ಕರೆಮ್ಮನೂ ಕಳ್ಳತನದಿಂದ ಅತ್ತಲೇ ನೋಡುತ್ತಿದ್ದಳು.

ಅದು ಬಂತು. ಕಾಲುವೆಯ ಜೊತೆ ಈ ಕಡೆಗೆ ನೆಲ್ಲು ಬಂದಂತೆ ಸೊಳ್ಳೆಯೂ ಬಂದಿತ್ತು. ಮಳೆಗಾಲದ ಕೊನೆಗೆ ಖಂಡಪ್ಪನಿಗೆ ಚಳಿಜ್ವರ ಹಿಡಿಯಿತು. ಕೌದಿ ಮೇಲೆ ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಮುನ್ನಿಬೀ ಮಗಳ ಬಾಣಂತನಕ್ಕೆಂದು ಗುರುಮಠಕಲ್ಲಿಗೆ ಹೋಗಿದ್ದಳು. ದ್ಯಾವಪ್ಪ ಕುರಿಯ ಬೆನ್ನು ಹಿಡಿದು ಎಲ್ಲಿದ್ದನೋ. ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರೂ ಹುಡುಗನ ಮೂಗನ್ನೇ ನೋಡಿದರು.

ಮರಿಲಿಂಗಮ್ಮ ಸಂಚಿ ಬಿಚ್ಚಿ ತಂತಿಯನ್ನು ಸೊಸೆಯ ಅಂಗೈಯಲ್ಲಿ ಇಟ್ಟಳು. ತಿಂಗಳುಗಳ ಮೇಲೆ ಅವಳು ಆಡಿದ ಮೊದಲ ಮಾತು ಅದು. "ನಾಕು ಹ್ವಾದಾಗ ನಿನ್ನ ಕೈಯಾಗ ಏನೂ ಇರ್ಲಿಲ್ಲ. ಈಗದ. ಹಾಕು."

"ಶಹಾಪುರ ದವಾಖಾನಿಗಿ ಒಯ್ತೀನ್ರಿ ಅತ್ತಿ."

"ಒಯ್ಯಿ. ಹಾಕಿ ಒಯ್ಯಿ. ನಿನ್ನದೇನು ಗಂಟು ಹೋಗ್ತದ?"

ಏನೂ ಹೋಗುವುದಿಲ್ಲ ಎಂದೇ ಕರೆಮ್ಮನಿಗೂ ಅನಿಸಿತು. ಜ್ವರ ಇಳಿದ ಮೇಲೆ ತೆಗೆದರಾಯಿತು. ಹೆತ್ತ ಹೊಟ್ಟೆ ಅದು, ಎಷ್ಟು ವಾದ ಮಾಡೀತು? ನಾಲ್ಕು ಸಲ ಸೆಟೆದ ಕೂಸನ್ನು ಮಡಿಲಲ್ಲಿ ಹಿಡಿದು ನೋಡಿದವಳು. ಅವಳು ತಂತಿಯನ್ನು ನೆಟ್ಟಗೆ ಮಾಡಿ, ಸೆರಗಿನಿಂದ ಒರೆಸಿ, ಮಗನ ಮುಖದ ಹತ್ತಿರ ಬಗ್ಗಿದಳು.

"ಖಂಡ್ಯಾ, ಹಾಕಲೇನೋ ಯಪ್ಪ?"

"ಹೂಂ" ಎಂದ ಖಂಡಪ್ಪ. ಅಷ್ಟು ಜ್ವರದಲ್ಲೂ ಅವನು ಮುಖ ಮುಂದೆ ಮಾಡಿ, ಕಣ್ಣು ಮುಚ್ಚಿದ.

ಕರೆಮ್ಮನ ಕೈ ಅಲ್ಲಿಯೇ ನಿಂತಿತು. ಜ್ವರಕ್ಕಿಂತ ದೊಡ್ಡದೊಂದು ಆ ಕೌದಿಯ ಕೆಳಗೆ ಮಲಗಿರುವುದು ಅವಳಿಗೆ ಕಂಡಿತು. ಈಗ ಹಾಕಿದರೆ ಇವನು ಬದುಕಬಹುದು. ಬದುಕಿ, ಯಾರು ಏನು ಪೋಣಿಸಿದರೂ ಮುಖ ಕೊಡುತ್ತ ಹೋಗಬಹುದು.

"ಬ್ಯಾಡಂತ ಅನ್ನು" ಎಂದಳು.

"ಹೂಂ."

"ಹೂಂ ಅಲ್ಲೋ! ಬ್ಯಾಡ ಅನ್ನು. ನನಗರ ಬ್ಯಾಡ ಅನ್ನು, ಖಂಡ್ಯಾ!"

ಹೆಂಗಸರು ಮುಖಮುಖ ನೋಡಿಕೊಂಡರು. ತಾಯಿಗೂ ತಲೆಗೇರಿತು ಎಂದು ಯಾರೋ ಅಂದರು. ಕರೆಮ್ಮ ಹಲ್ಲು ಕಚ್ಚಿ ತಂತಿಯ ಮೊನೆಯನ್ನು ಆ ಹಳೆಯ ತೂತಿಗೆ ಒತ್ತಿದಳು. "ಹಾಕ್ತೀನಿ ನೋಡು. ನಿನ್ನ ಲಗ್ನದ ತನಕ ತೆಗಿಯಂಗಿಲ್ಲ. ಇದನ್ನ ಇಟ್ಕೊಂಡೇ ಸಾಲಿಗಿ ಕಳಸ್ತೀನಿ. ಹಾಕಲಿ?" ಕಣ್ಣಿಂದ ನೀರು ಸುರಿದು ಮಗನ ಗಲ್ಲದ ಮೇಲೆ ಬೀಳುತ್ತಿತ್ತು, ಕೈ ಮಾತ್ರ ಒತ್ತುತ್ತಲೇ ಇತ್ತು. ಮೂಗಿನ ತುದಿಯಲ್ಲಿ ರಕ್ತದ ಹನಿ ಕಾಣಿಸಿತು.

ಕೌದಿಯೊಳಗಿಂದ ಒಂದು ಕೈ ಮೇಲೆ ಬಂತು. ಬತ್ತಿದ, ಸುಡುತ್ತಿದ್ದ ಕೈ. ಅದು ತಾಯಿಯ ಮುಂಗೈಯನ್ನು ಹಿಡಿದು ಆಚೆಗೆ ತಳ್ಳಿತು.

"ಬ್ಯಾಡ" ಎಂದ ಖಂಡಪ್ಪ. ಕಣ್ಣು ಬಿಟ್ಟಿದ್ದ. ದನಿ ಒಡೆದು ಗಡಸಾಗಿತ್ತು. ಅದು ಗಂಡಸಿನ ದನಿಯಾಗಿ ಯಾವಾಗ ಬದಲಾಯಿತೆಂದು ಅವಳು ಕೇಳಿಸಿಕೊಂಡೇ ಇರಲಿಲ್ಲ. "ಬ್ಯಾಡಂದ್ರ ಬ್ಯಾಡ! ತೆಗಿ ಅದನ್ನ. ದವಾಖಾನಿಗಿ ಒಯ್ಯಿ ನನಗ."

ಮರಿಲಿಂಗಮ್ಮ ಎದೆ ಬಡಿದುಕೊಂಡಳು. ಕರೆಮ್ಮ ತಂತಿಯನ್ನು ಅಲ್ಲೇ ಬಿಸುಟು, ಮಗನನ್ನು ಕೌದಿಸಮೇತ ಎಬ್ಬಿಸಿ ಹೆಗಲಿಗೆ ಹಾಕಿಕೊಂಡು, ಹೆಂಗಸರನ್ನು ಸರಿಸಿ, ಬಸ್ಸಿನ ರಸ್ತೆ ಹಿಡಿದಳು. ಅವನ ಮೈ ಕೆಂಡವಾಗಿತ್ತು. ಸಾವು ತನ್ನ ಬೆನ್ನ ಹಿಂದೆಯೇ ಬರುತ್ತಿದೆ ಎಂದು ಅವಳು ಆಗಲೂ ನಂಬಿದ್ದಳು, ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಆದರೆ ಈ ಸಲ ಅದಕ್ಕೆ ಬೇಡ ಎನ್ನಲು ಅವಳೊಬ್ಬಳೇ ಇರಲಿಲ್ಲ.